ಆಳಿನ ಮನಸ್ಸೂ ಮೇಸ್ತ್ರಿಯ ಮಾತೂ

“ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾ ಮಾಡಿದ್ದು ಉತ್ತಮ” ಎಂಬ ಗಾದೆಯು ಒಕ್ಕಲುಮಕ್ಕಳ ಬಾಯಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಉಳುವುದರಿಂದ ಹಿಡಿದು ಒಕ್ಕುವವರೆಗೆ ಎಲ್ಲವನ್ನೂ ತಾನೊಬ್ಬನೇ ಮಾಡಿ ಮುಗಿಸಬಲ್ಲ ರೈತನು ಯಾವ ಊರಿನಲ್ಲಿಯೂ ಇಲ್ಲ. ಮಳೆ ಬಿದ್ದು ಭೂಮಿ ಹದಕ್ಕೆ ಬಂದಾಗ ಎಲ್ಲರಿಗೂ ಒಂದೇ ದಿನ ಬಿತ್ತನೆಯಾಗಬೇಕು. ಕಳೆ ಎದ್ದಾಗ ಎಲ್ಲರಿಗೂ ಒಂದೇ ವಾರದಲ್ಲಿ ಕಳೆ ತೆಗೆಯಬೇಕು. ಅಂಥ ಸಮಯದಲ್ಲಿ ಕೂಲಿಯವರನ್ನು ಕರೆಯದೆ ಗತ್ಯಂತರವಿಲ್ಲ. ಆದುದರಿಂದ ಗಾದೆಯನ್ನು ಹೇಳಿ ನಿಟ್ಟುಸಿರು ಬಿಡುವುದಕ್ಕಿಂತ, ಆಳು ಮಾಡಿದ ಕೆಲಸವು ಹಾಳಾಗುವುದು ಏತಕ್ಕೆ, ಅದು ಹಾಳಾಗದಂತೆ ಮಾಡುವ ಬಗೆ ಯಾವುದು ಎಂಬುದನ್ನು ವಿಚಾರಿಸುವುದೇ ಲೇಸು.

ಸಾಧಾರಣವಾಗಿ ಇದಕ್ಕೆ ಎರಡು ಕಾರಣಗಳನ್ನು ಹೇಳುವುದುಂಟು. ಕೂಲಿ ಸಾಲದು ಎಂಬುದು ಆಳುಗಳ ಮಾತು. ಆಳುಗಳಿಗೆ ಮೈಗಳ್ಳತನ ಹೆಚ್ಚಿತು ಎಂಬುದು ಯಜಮಾನರ ಮಾತು. ಇವೆರಡರ ನಡುವೆ ಮೂರನೆಯ ಕಾರಣವೊಂದು ಅಡಗಿರುವುದನ್ನು ಅನೇಕರು ಗಮನಿಸುವುದಿಲ್ಲ. ಕೆಲಸ ಮಾಡಿಸುವವನಿಗೂ ಮಾಡುವವನಿಗೂ ನಡುವೆ ಮಾತುಕತೆಯೇ ಇಲ್ಲದಿರುವುದು ಆ ಕಾರಣ.

ಮತ್ತೋಡು ಸೀಮೆ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಕಸಬ, ಮಾಡದಕೆರೆ, ಶ್ರೀರಾಂಪುರ, ಮತ್ತೋಡು ಎಂಬ ನಾಲ್ಕು ಹೋಬಳಿಗಳುಂಟು. ಮಳೆಯನ್ನು ನಂಬಿದ ಈ ಸೀಮೆಯಲ್ಲಿ ರಾಗಿ, ಸಾಮೆ, ಕಡಲೇಕಾಯಿ ಮುಂತಾದ ಬೆಳೆಗಳೂ, ನೀರಿನ ಆಸರೆಯುಳ್ಳ ಕಡೆಗಳಲ್ಲಿ ತೆಂಗು, ಅಡಿಕೆ, ದಾಳಿಂಬೆಯ ತೋಟಗಳೂ ಇರುವುವು. ಮತ್ತೋಡು ಹಿಂದೆ ಗಾಜಿನ ಬಳೆಗಳಿಗೆ ಹೆಸರಾದ ಊರು. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಇಲ್ಲಿ ಬಳೆಯ ಗಾಜನ್ನು ತಯಾರಿಸುತ್ತಿದ್ದುದನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿರುವನು. ಗಾಜಿನ ಕೆಲಸವು ಒಬ್ಬನಿಂದ ಆಗತಕ್ಕದ್ದಲ್ಲ. ಒಲೆಗೆ ಉರಿ ಹಾಕುವವನೊಬ್ಬ, ಕರಗಿದ ಪಾಕವನ್ನು ನೋಡುವವನೊಬ್ಬ. ಉರಿಯ ಹದವು ತಪ್ಪಿತೆಂದು ಒಬ್ಬನು ಹೇಳದಿದ್ದರೆ ಅಥವಾ ಇನ್ನೊಬ್ಬನು ಕೇಳದಿದ್ದರೆ ಇಡೀ ಪಾಕವೇ ಕೆಡುವುದು. ಆ ಒಲೆಗಳು ಆರಿಹೋದುವು. ಆದರೆ ಹೊಲದ ಕೆಲಸಕ್ಕೂ ಇದೇ ನಿಯಮವು ಅನ್ವಯಿಸುವುದು.

ಉದಾಹರಣೆಗೆ ರಾಗಿಯ ಬಿತ್ತನೆಯನ್ನೇ ತೆಗೆದುಕೊಳ್ಳಬಹುದು. ಕೂರಿಗೆಯ ಮುಂದೆ ಎತ್ತನ್ನು ಹೊಡೆಯುವವನ ಕಣ್ಣು ಸಾಲಿನ ಮೇಲಿರುವುದು. ಬೀಜವನ್ನು ಬಿಡುವವರ ಕೈಗೆ ಮಾತ್ರ ಅದು ಸರಾಗವಾಗಿ ಇಳಿಯುತ್ತಿದೆಯೇ ಇಲ್ಲವೇ ಎಂಬುದು ತಿಳಿಯುವುದು. ಒಂದು ಕೊಳವೆಗೆ ಹಸಿಮಣ್ಣು ಮೆತ್ತಿಕೊಂಡು ಬಾಯಿ ಕಟ್ಟಿದರೆ ಅದನ್ನು ಮೊದಲು ಕಾಣುವವರು ಹಿಂದೆ ನಡೆಯುವ ಹೆಂಗಸರೇ. ಅವರು “ಅಣ್ಣಾ, ಕೂರಿಗೆ ನಿಲ್ಲಿಸು, ಈ ಸಾಲಿಗೆ ಕಾಳು ಬೀಳ್ತಿಲ್ಲ” ಎಂದರೆ ಅರೆಗಳಿಗೆಯಲ್ಲಿ ಕಡ್ಡಿಯಾಡಿಸಿ ಸರಿಮಾಡಬಹುದು. “ನಿನಗೇಕೆ ಬೇಕು? ಸುಮ್ಮನೆ ನಡಿ” ಎಂಬ ಉತ್ತರವನ್ನು ಒಮ್ಮೆ ಕೇಳಿದವಳು ಎರಡನೆಯ ಸಲ ಹೇಳುವುದಿಲ್ಲ. ಕಾಳು ಬೀಳದ ಸಾಲು ಯಜಮಾನನ ಕಣ್ಣಿಗೆ ಬೀಳುವುದು ಒಂದು ವಾರ ಕಳೆದು ಪೈರು ಮೊಳೆತ ಮೇಲೆ. ಅಷ್ಟರೊಳಗೆ ಹದವು ಆರಿಹೋಗಿರುವುದು. ಆಗ ಯಜಮಾನನು ಗಾದೆಯನ್ನು ನೆನೆದು ಆಳನ್ನು ಹಳಿಯುವನು. ಹಾಳಾದುದು ಆಳಿನಿಂದಲ್ಲ, ಆಳಿನ ಬಾಯಿಯನ್ನು ಮುಚ್ಚಿಸಿದುದರಿಂದ.

ಅಪ್ಪಣೆ, ಬೈಗುಳ, ಮಾತುಕತೆ

ಕೆಲಸದ ಜಾಗದಲ್ಲಿ ಕೇಳಿಬರುವ ಮಾತುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಅಪ್ಪಣೆ: “ಇದನ್ನು ಮಾಡು, ಅದನ್ನು ಬಿಡು.” ಎರಡನೆಯದು ಬೈಗುಳ. ಮೂರನೆಯದು ಮಾತುಕತೆ. ಅಪ್ಪಣೆಯು ಅವಶ್ಯಕವಾದುದೇ, ಹತ್ತು ಜನ ಸೇರಿದ ಕಡೆ ಒಬ್ಬನು ಹೇಳುವವನಿಲ್ಲದಿದ್ದರೆ ಕೆಲಸ ಸಾಗದು. ಆದರೆ ಅಪ್ಪಣೆಯು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುವ ನೀರಿನಂತೆ. ಕೆಳಗೆ ಏನಾಯಿತೆಂಬ ಸಮಾಚಾರವನ್ನು ಅದು ಮೇಲಕ್ಕೆ ತಾರದು. ಬೈಗುಳವಂತೂ ಸಮಾಚಾರದ ದಾರಿಯನ್ನೇ ಕಡಿದುಹಾಕುವುದು. ಏತಕ್ಕೆಂದರೆ, ಬೈಸಿಕೊಂಡವನು ತಿದ್ದಿಕೊಳ್ಳುವುದಕ್ಕಿಂತ ಮೊದಲು ಬಚ್ಚಿಡುವುದನ್ನು ಕಲಿಯುವನು.

ಮಾತುಕತೆಯೆಂದರೆ ಹರಟೆಯಲ್ಲ. ಮಾಡಿಸುವವನು ಕೆಲಸದ ಉದ್ದೇಶವನ್ನು ತಿಳಿಸುವುದು, ಮಾಡುವವನು ತನ್ನ ಅನುಭವವನ್ನು ಹೇಳುವುದು, ಹೇಳಿದ ಮಾತಿಗೆ ಬೆಲೆಯುಂಟೆಂಬುದನ್ನು ಕಾರ್ಯದಲ್ಲಿ ತೋರಿಸುವುದು — ಇವು ಮೂರೂ ಸೇರಿದರೆ ಮಾತುಕತೆ. ಇದರಲ್ಲಿ ಯಾವ ಒಂದು ಅಂಗವು ಕುಂದಿದರೂ ಫಲವಿಲ್ಲ.

ಉದ್ದೇಶವನ್ನು ತಿಳಿಸುವುದರ ಬೆಲೆಯನ್ನು ಬೋರ್ಡೋ ದ್ರಾವಣದ ತಯಾರಿಕೆಯಲ್ಲಿ ಚೆನ್ನಾಗಿ ಕಾಣಬಹುದು. ಅಡಿಕೆಯ ಕೊಳೆರೋಗಕ್ಕೆ ಈ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದವರು ೧೯೦೮ರಲ್ಲಿ ಇಲ್ಲಿಗೆ ಬಂದು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ನರು. ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರು ನೀರು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕು. ತಯಾರಾದ ದ್ರಾವಣದಲ್ಲಿ ಹೊಳಪುಳ್ಳ ಕಬ್ಬಿಣದ ಚಾಕುವನ್ನು ಅದ್ದಿ ನೋಡಿ, ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣವನ್ನು ಸೇರಿಸಬೇಕು. ಈ ಕೆಲಸಕ್ಕೆ ನಿಂತ ಆಳಿಗೆ “ಚಾಕು ಅದ್ದು” ಎಂದಷ್ಟೇ ಹೇಳಿದರೆ ಅವನು ಎರಡು ದಿನ ಅದ್ದಿ ಮೂರನೆಯ ದಿನ ಬಿಡುವನು. ಚಾಕುವಿಗೆ ಹತ್ತುವ ಕೆಂಪು ತಾಮ್ರವೇ ಎಂದೂ, ಸುಣ್ಣ ಸಾಲದೆ ಉಳಿದ ಆ ತಾಮ್ರವು ಎಳೆಯ ಭಾಗಗಳನ್ನು ಸುಡುವುದೆಂದೂ ಒಮ್ಮೆ ತಿಳಿಸಿ ತೋರಿಸಿದರೆ, ಯಾರೂ ನೋಡದಿದ್ದಾಗಲೂ ಅವನು ಚಾಕುವನ್ನು ಅದ್ದುವನು. ಅಪ್ಪಣೆಯು ಕೈಯನ್ನು ಮಾತ್ರ ಕೂಲಿಗೆ ತರುವುದು. ತಿಳಿವಳಿಕೆಯು ಮನಸ್ಸನ್ನೂ ಜೊತೆಗೆ ಕರೆತರುವುದು.

ಹೊರದೇಶಗಳ ಪರೀಕ್ಷೆಗಳು

ಈ ವಿಷಯವನ್ನು ಹೊರದೇಶಗಳ ವಿದ್ವಾಂಸರು ಕಾರ್ಖಾನೆಗಳಲ್ಲಿ ಪರೀಕ್ಷಿಸಿ ನೋಡಿರುವರು. ಅಮೆರಿಕದ ಷಿಕಾಗೊ ನಗರದ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ೧೯೨೪ರಿಂದ ೧೯೩೨ರವರೆಗೆ ಇಂಥ ಪರೀಕ್ಷೆಗಳು ನಡೆದುವು. ೧೯೨೮ರಲ್ಲಿ ಆರಂಭವಾದ ಒಂದು ಏರ್ಪಾಡಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತನಾಡಿಸಿದರು. ಮೊದಮೊದಲು ಗೊತ್ತಾದ ಪ್ರಶ್ನೆಗಳನ್ನು ಕೇಳುತ್ತಿದ್ದರು. ಕೆಲಸಗಾರರು ಪ್ರಶ್ನೆಯನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನೇ ಹೇಳತೊಡಗಿದುದರಿಂದ, ಕೊನೆಗೆ ಪ್ರಶ್ನೆಗಳನ್ನು ಬದಿಗಿಟ್ಟು ಕಿವಿಗೊಟ್ಟು ಕೇಳುವ ಕ್ರಮವನ್ನೇ ಅನುಸರಿಸಿದರು. ಅದೇ ಕಾರ್ಖಾನೆಯ ಒಂದು ಕೋಣೆಯಲ್ಲಿ ಐವರು ಹೆಂಗಸರ ಗುಂಪಿನ ಕೆಲಸವು ವರ್ಷಗಟ್ಟಲೆ ಹೆಚ್ಚುತ್ತ ಹೋದುದು ಪ್ರಸಿದ್ಧವಾಗಿರುವುದು. ಆದರೆ ಅವರ ಸಂಬಳದ ಲೆಕ್ಕವನ್ನು ಬದಲಿಸಿದ್ದುದನ್ನೂ, ಮೊದಲಿನ ಐವರಲ್ಲಿ ಇಬ್ಬರನ್ನು ನಡುವೆ ತೆಗೆದು ಬೇರೆಯವರನ್ನು ಹಾಕಿದ್ದುದನ್ನೂ ಮುಂದಿನ ವಿದ್ವಾಂಸರು ಎತ್ತಿತೋರಿಸಿರುವರು. ಆದುದರಿಂದ ಒಳ್ಳೆಯ ಮಾತೊಂದರಿಂದಲೇ ಎಲ್ಲವೂ ಆಯಿತೆಂದು ಹೇಳುವುದು ನ್ಯಾಯವಲ್ಲ.

ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆಯೊಂದನ್ನು ಕೋಚ್ ಮತ್ತು ಫ್ರೆಂಚ್ ಎಂಬ ಇಬ್ಬರು ೧೯೪೮ರಲ್ಲಿ ಪ್ರಕಟಿಸಿದರು. ಅಮೆರಿಕದ ವರ್ಜೀನಿಯ ಪ್ರಾಂತದ ಒಂದು ಉಡುಪಿನ ಕಾರ್ಖಾನೆಯಲ್ಲಿ ಕೆಲಸದ ಕ್ರಮವನ್ನು ಬದಲಿಸಬೇಕಾಗಿತ್ತು. ಒಂದು ಗುಂಪಿಗೆ ಬದಲಾವಣೆಯನ್ನು ಸುಮ್ಮನೆ ತಿಳಿಸಿದರು. ಬೇರೆ ಗುಂಪುಗಳೊಡನೆ ಕುಳಿತು, ಬದಲಾವಣೆಯು ಏತಕ್ಕೆ ಬೇಕು, ಹೇಗೆ ಮಾಡಬಹುದು ಎಂದು ಚರ್ಚಿಸಿದರು. ಸುಮ್ಮನೆ ತಿಳಿಸಿದ ಗುಂಪಿನಲ್ಲಿ ಕೆಲಸ ಕುಗ್ಗಿತು. ನಲವತ್ತು ದಿನಗಳೊಳಗೆ ನೂರಕ್ಕೆ ೧೭ ಮಂದಿ ಕೆಲಸವನ್ನೇ ಬಿಟ್ಟುಹೋದರು. ಎಲ್ಲರೂ ಕೂಡಿ ಚರ್ಚಿಸಿದ ಗುಂಪುಗಳಲ್ಲಿ ಒಬ್ಬರೂ ಬಿಡಲಿಲ್ಲ. ಅವರ ಕೆಲಸವು ಬೇಗನೆ ಚೇತರಿಸಿಕೊಂಡು ಹಿಂದಿಗಿಂತಲೂ ಮೇಲಾಯಿತು. ಇದೇ ಬಗೆಯ ಪರೀಕ್ಷೆಯನ್ನು ನಾರ್ವೆ ದೇಶದ ಕಾರ್ಖಾನೆಯೊಂದರಲ್ಲಿ ನಡೆಸಿ ೧೯೬೦ರಲ್ಲಿ ಪ್ರಕಟಿಸಿದಾಗ ಉತ್ಪತ್ತಿಯಲ್ಲಿ ಅಂಥ ವ್ಯತ್ಯಾಸವು ಕಾಣಲಿಲ್ಲ. ಅಲ್ಲಿ ಕೆಲಸಗಾರರನ್ನು ಕೇಳಿದ ಸಂಗತಿಗಳು ಅವರಿಗೆ ಮುಖ್ಯವಾಗಿ ತೋರಿರಲಿಲ್ಲ. ಮುಖ್ಯವಾದುದನ್ನು ಬಿಟ್ಟು ಮೇಲುಮೇಲಿನದನ್ನು ಕೇಳಿದರೆ ಪ್ರಯೋಜನವಿಲ್ಲವೆಂಬುದು ಇದರಿಂದ ತಿಳಿಯತಕ್ಕ ಪಾಠ.

ಮನುಷ್ಯನು ಕೆಲಸದಲ್ಲಿ ತನ್ನನ್ನು ತೊಡಗಿಸಿಕೊಳ್ಳುವುದು ಯಾವಾಗ ಎಂಬುದನ್ನು ವಿಲಿಯಂ ಕಾನ್ ಎಂಬ ವಿದ್ವಾಂಸರು ೧೯೯೦ರಲ್ಲಿ ಮೂರು ಮಾತುಗಳಲ್ಲಿ ಹೇಳಿರುವರು. ಕೆಲಸಕ್ಕೆ ಅರ್ಥವಿದೆಯೆಂದು ಅವನಿಗೆ ತೋರಬೇಕು. ಬಾಯಿಬಿಟ್ಟರೆ ಕೇಡಿಲ್ಲವೆಂಬ ಧೈರ್ಯವಿರಬೇಕು. ಮೈಯಲ್ಲೂ ಮನಸ್ಸಿನಲ್ಲೂ ಅದಕ್ಕೆ ಬೇಕಾದ ಶಕ್ತಿಯಿರಬೇಕು. ಹೊಟ್ಟೆ ಹಸಿದವನಿಗೆ ಮೂರನೆಯದು ಇರದು. ಬೈಗುಳಕ್ಕೆ ಹೆದರಿದವನಿಗೆ ಎರಡನೆಯದು ಇರದು. ಉದ್ದೇಶ ತಿಳಿಯದವನಿಗೆ ಮೊದಲನೆಯದು ಇರದು.

ತಪ್ಪನ್ನು ಹೇಳಿಕೊಳ್ಳುವ ಧೈರ್ಯ

ಎರಡನೆಯ ಮಾತನ್ನು ವಿಶೇಷವಾಗಿ ವಿಚಾರಿಸಬೇಕು. ಏಮಿ ಎಡ್ಮಂಡ್ಸನ್ ಎಂಬ ವಿದುಷಿಯು ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಕುರಿತು ವಿಚಾರಣೆ ನಡೆಸಿ ೧೯೯೬ರಲ್ಲಿ ಪ್ರಕಟಿಸಿದರು. ಒಳ್ಳೆಯ ಮುಖ್ಯಸ್ಥರಿದ್ದ ವಿಭಾಗಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲೆಯಾಗಿದ್ದುವು. ಅವರ ವಿಚಾರಣೆಯು ತೋರಿಸಿದ ಕಾರಣವೇನೆಂದರೆ, ಅಂಥ ಕಡೆಗಳಲ್ಲಿ ತಪ್ಪುಗಳನ್ನು ಹೇಳಿಕೊಳ್ಳಲು ಕೆಲಸದವರು ಹೆದರುತ್ತಿರಲಿಲ್ಲ. ಬೇರೆ ಕಡೆ ತಪ್ಪುಗಳು ಬೆಳಕಿಗೇ ಬರುತ್ತಿರಲಿಲ್ಲ.

ಈ ಮಾತು ದಾಳಿಂಬೆಯ ತೋಟಕ್ಕೆ ಎಷ್ಟು ಸಲ್ಲುವುದೆಂಬುದನ್ನು ದುಂಡಾಣು ಅಂಗಮಾರಿ ರೋಗದಿಂದ ನೊಂದ ಬೆಳೆಗಾರರೆಲ್ಲರೂ ಬಲ್ಲರು. ಎಲೆಗಳ ಮೇಲೆ ಎಣ್ಣೆ ತಾಗಿದಂತಹ ಚುಕ್ಕೆಗಳಿಂದ ಮೊದಲಾಗಿ, ಕಾಯಿಗಳು ಸೀಳಿ ಬೀಳುವವರೆಗೆ ಹಬ್ಬುವ ಈ ರೋಗವು ಮಳೆಹನಿಯ ಎರಚಲಿನಿಂದಲೂ ರೋಗವುಳ್ಳ ಸಸಿಗಳಿಂದಲೂ ಹರಡುವುದಲ್ಲದೆ, ಗಿಡ ಸವರುವ ಕತ್ತರಿಯಿಂದಲೂ ಹರಡುವುದು. ಆದುದರಿಂದ ಒಂದು ಗಿಡವನ್ನು ಸವರಿ ಇನ್ನೊಂದಕ್ಕೆ ಹೋಗುವ ಮೊದಲು ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ದಿನಕ್ಕಿಷ್ಟು ಗಿಡಗಳನ್ನು ಮುಗಿಸಲೇಬೇಕೆಂದು ಅವಸರಪಡಿಸಿದ ಕಡೆ ಅದ್ದುವುದು ತಪ್ಪಿಹೋಗುವುದು ಸಹಜ. ಸಂಜೆ ಕೆಲಸದವನು “ಗೌಡ್ರೇ, ಆ ಮೂಲೆಯ ಸಾಲಿನಲ್ಲಿ ಕತ್ತರಿ ಅದ್ದೋದು ಮರೆತೆ; ಎಲೆ ಮೇಲೆ ಚುಕ್ಕಿ ಬೇರೆ ಕಂಡ್ವು” ಎಂದು ಹೇಳಿದರೆ ಆ ಸಾಲನ್ನು ಗುರುತಿಟ್ಟು, ರೋಗದ ರೆಂಬೆಗಳನ್ನು ತೆಗೆದು ಸುಟ್ಟು, ಸಿಂಪಡಣೆ ಮಾಡಿ, ಉಳಿದ ತೋಟವನ್ನು ಕಾಪಾಡುವ ಅವಕಾಶವಾದರೂ ಇರುವುದು. ಹೇಳಿದರೆ ಅಂದಿನ ಕೂಲಿ ಹೋಗುವುದೆಂಬ ಹೆದರಿಕೆಯಿದ್ದರೆ ಅವನು ಹೇಳುವುದಿಲ್ಲ. ಒಂದು ದಿನದ ಕೂಲಿಯನ್ನು ಹಿಡಿದುಕೊಂಡ ಯಜಮಾನನು ಒಂದು ವರ್ಷದ ಫಸಲನ್ನು ಕಳೆದುಕೊಳ್ಳುವನು.

ಪ್ರಾಣದ ಪ್ರಶ್ನೆ

ಕೀಟನಾಶಕವನ್ನು ಸಿಂಪಡಿಸುವ ಕಡೆ ಮಾತು ಅಡಗಿದರೆ ಫಸಲಿಗೆ ಮಾತ್ರವಲ್ಲ, ಪ್ರಾಣಕ್ಕೇ ಅಪಾಯ. ೨೦೧೭ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಯ ಬೆಳೆಗೆ ಕೀಟನಾಶಕವನ್ನು ಸಿಂಪಡಿಸುತ್ತಿದ್ದ ಹಲವು ಮಂದಿ ರೈತರೂ ಕೂಲಿಯವರೂ ವಿಷ ತಗಲಿ ಮೃತರಾದರು. ಸಿಂಪಡಿಸುವವರಿಗೆ ರಕ್ಷಣೆಯ ಉಡುಪುಗಳನ್ನು ಒದಗಿಸಬೇಕೆಂದು ೧೯೭೧ರ ಕೀಟನಾಶಕ ನಿಯಮಗಳು ವಿಧಿಸಿರುವುವು. ಆದರೆ ತಲೆಸುತ್ತು, ವಾಕರಿಕೆ, ಕಣ್ಣು ಮಂಜಾಗುವುದು, ಅತಿಯಾಗಿ ಬೆವರುವುದು — ಈ ಚಿಹ್ನೆಗಳನ್ನು ಮೊದಲು ಅರಿಯುವವನು ಸಿಂಪಡಿಸುವವನೇ. “ತಲೆ ತಿರುಗ್ತಿದೆ” ಎಂದು ಅವನು ಹೇಳಿದೊಡನೆ “ಕೆಲಸಕ್ಕೆ ನೆವ” ಎಂದು ನಗುವ ಮೇಸ್ತ್ರಿಯು ಕೊಲೆಗೆ ಸಮಾನವಾದ ಅಪರಾಧವನ್ನು ಮಾಡಿದಂತಾಗುವುದು. ಅಂಥ ಮಾತು ಕೇಳಿದ ಕೂಡಲೆ ಕೆಲಸವನ್ನು ನಿಲ್ಲಿಸಿ, ಅವನನ್ನು ಗಾಳಿಯಿರುವೆಡೆಗೆ ಕರೆತಂದು, ವಿಷ ತಗಲಿದ ಬಟ್ಟೆಯನ್ನು ತೆಗೆಸಿ, ಮೈಯನ್ನು ಸಾಬೂನು ನೀರಿನಿಂದ ತೊಳೆಸಿ, ಔಷಧದ ಡಬ್ಬಿಯ ಚೀಟಿಯೊಡನೆ ಆಸ್ಪತ್ರೆಗೆ ಸಾಗಿಸತಕ್ಕದ್ದು. ಈ ವಿಷಯವನ್ನು ಸಿಂಪಡಣೆಗೆ ಮೊದಲೇ ಎಲ್ಲರಿಗೂ ತಿಳಿಸಿರಬೇಕು.

ಸರ್ಕಾರದ ಕೆಲಸಗಳಲ್ಲಿ

ಚಿತ್ರದುರ್ಗ ಜಿಲ್ಲೆಯು ಈ ಪಾಠವನ್ನು ಸಾರ್ವಜನಿಕ ಕಾರ್ಯಗಳಲ್ಲಿಯೂ ಕಂಡಿರುವುದು. ವಿಶ್ವಬ್ಯಾಂಕಿನ ನೆರವಿನಿಂದ ೨೦೦೧ರಿಂದ ೨೦೦೯ರವರೆಗೆ ನಡೆದ ಸುಜಲ ಜಲಾನಯನ ಯೋಜನೆಗೆ ಆರಿಸಿದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದಾಗಿತ್ತು. ಬದುವನ್ನು ಎಲ್ಲಿ ಹಾಕಬೇಕು, ಯಾವ ಗಿಡ ನೆಡಬೇಕು ಎಂಬುದನ್ನು ಊರಿನವರೊಡನೆ ಕುಳಿತು ನಿರ್ಧರಿಸುವುದು ಆ ಯೋಜನೆಯ ಮುಖ್ಯ ಲಕ್ಷಣ. ಮಳೆಯ ನೀರು ಯಾವ ಮೂಲೆಯಿಂದ ನುಗ್ಗುವುದೆಂಬುದು ನಕ್ಷೆಗಿಂತ ಚೆನ್ನಾಗಿ ಆ ಹೊಲದಲ್ಲಿ ಕೆಲಸ ಮಾಡಿದವರಿಗೆ ತಿಳಿದಿರುವುದು.

೨೦೦೫ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ೨೦೦೬ರಲ್ಲಿ ಮೊದಲು ಜಾರಿಗೆ ಬಂದ ಜಿಲ್ಲೆಗಳಲ್ಲಿಯೂ ಚಿತ್ರದುರ್ಗವು ಸೇರಿತ್ತು. ಆ ಯೋಜನೆಯಲ್ಲಿ ಗುಂಪಿನ ಮೇಟಿಗೆ ಕರ್ನಾಟಕದಲ್ಲಿ ‘ಕಾಯಕ ಬಂಧು’ ಎಂಬ ಹೆಸರನ್ನು ಕೊಟ್ಟರು. ಬಂಧುವೆಂಬ ಹೆಸರು ಅರ್ಥವತ್ತಾದುದು. ಮಣ್ಣಿನ ಕೆಲಸದ ಕೂಲಿಯು ಅಳತೆಯನ್ನು ಅವಲಂಬಿಸಿದ್ದಿತು. ಇಂದು ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ ತೆಗೆದರೆ ಪೂರ್ಣ ಕೂಲಿಯೆಂದು ಬೆಳಗ್ಗೆಯೇ ಅಳೆದು ತೋರಿಸಿದ ಗುಂಪಿನವರಿಗೆ ತಮ್ಮ ಬೆವರಿಗೂ ಕೈಗೆ ಬರುವ ಹಣಕ್ಕೂ ಇರುವ ಸಂಬಂಧವು ತಿಳಿಯುವುದು. ಅದನ್ನು ಹೇಳದೆ ಕೊನೆಗೆ “ಅಳತೆ ಬರಲಿಲ್ಲ” ಎಂದರೆ, ಮೋಸವಿಲ್ಲದ ಕಡೆಯೂ ಮೋಸದ ಸಂಶಯವು ಹುಟ್ಟುವುದು. ಸಂಶಯ ಹುಟ್ಟಿದ ಮೇಲೆ ಗುದ್ದಲಿಯು ಮೇಲೇಳುವುದು ಮೆಲ್ಲಗೆ.

ಇಲಾಖೆಗಳ ಒಳಗೂ ಇದೇ ನ್ಯಾಯ. ೧೯೭೦ರ ದಶಕದಲ್ಲಿ ಭಾರತದ ಹಲವು ಪ್ರಾಂತಗಳು ಕೈಗೊಂಡ ತರಬೇತಿ ಮತ್ತು ಭೇಟಿ ಪದ್ಧತಿಯಲ್ಲಿ ಗ್ರಾಮಸೇವಕರು ಹದಿನೈದು ದಿನಕ್ಕೊಮ್ಮೆ ತರಬೇತಿಗೆ ಸೇರುತ್ತಿದ್ದರು. ಮೇಲಿನ ಸಲಹೆಯು ಹೊಲಕ್ಕೆ ಹೋಗಬೇಕು, ಹೊಲದ ತೊಂದರೆಯು ಸಂಶೋಧಕರಿಗೆ ಬರಬೇಕು ಎಂಬುದು ಅದರ ಉದ್ದೇಶ. ಸಲಹೆಯು ಮಾತ್ರ ಇಳಿದು ತೊಂದರೆಯು ಮೇಲೇರದ ಕಡೆಗಳಲ್ಲಿ ಆ ಸಭೆಗಳು ಹಾಜರಿ ಹಾಕುವ ಸಭೆಗಳಾದುವು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕುಳಿತ ಕಿರಿಯ ಸಹಾಯಕನನ್ನು “ಎಷ್ಟು ಚೀಲ ಬೀಜ ಹಂಚಿದೆ?” ಎಂದು ಮಾತ್ರ ಕೇಳುವ ಅಧಿಕಾರಿಗೆ ಅಂಕಿಯೊಂದು ದೊರೆಯುವುದು, “ರೈತರು ಏನೆಂದರು?” ಎಂದೂ ಕೇಳುವವನಿಗೆ ಸಮಾಚಾರವು ದೊರೆಯುವುದು.

ಮಾತು ಕೂಲಿಗೆ ಬದಲಲ್ಲ

ಇಷ್ಟು ಹೇಳಿದುದರಿಂದ ಒಳ್ಳೆಯ ಮಾತಾಡಿ ಕೂಲಿಯನ್ನು ಕಡಮೆ ಮಾಡಬಹುದೆಂದು ಯಾರೂ ಭಾವಿಸಕೂಡದು. ೧೯೪೮ರ ಕನಿಷ್ಠ ವೇತನ ಕಾಯಿದೆಯು ಬೇಸಾಯದ ಕೂಲಿಯವರನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡು, ನ್ಯಾಯವಾದ ಕೂಲಿಯು ದಾನವಲ್ಲ, ಹಕ್ಕು ಎಂಬುದನ್ನು ಗೊತ್ತುಮಾಡಿತು. ಬಾಯಲ್ಲಿ ಬೆಲ್ಲ, ಕೈಯಲ್ಲಿ ಏನೂ ಇಲ್ಲವೆಂಬ ಯಜಮಾನನ ಮಾತನ್ನು ಆಳುಗಳು ಎರಡನೆಯ ವಾರದಲ್ಲಿಯೇ ಅಳೆದು ಬಿಡುವರು. ಹೆಂಗಸರ ಕೂಲಿಯನ್ನು ಗಂಡಸರ ಕೂಲಿಗಿಂತ ಕಡಮೆ ಮಾಡಿ, “ನೀವೇ ಕೆಲಸದಲ್ಲಿ ಮೇಲು” ಎಂದು ಹೊಗಳುವುದರಿಂದ ಹೊಗಳಿಕೆಗೇ ಅಪಮಾನ. ಕೂಲಿ, ನೆರಳು, ಕುಡಿಯುವ ನೀರು, ಹೊತ್ತಿಗೆ ಸರಿಯಾಗಿ ಬಟವಾಡೆ — ಇವು ಬುನಾದಿ. ಮಾತು ಅದರ ಮೇಲೆ ಏಳುವ ಗೋಡೆ.

ಅನುಸರಿಸತಕ್ಕ ಕ್ರಮಗಳು

(೧) ಬೆಳಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಹತ್ತು ನಿಮಿಷ ಎಲ್ಲರನ್ನೂ ಒಂದು ಕಡೆ ನಿಲ್ಲಿಸಿ, ಇಂದಿನ ಕೆಲಸವೇನು, ಏತಕ್ಕೆ, ಎಷ್ಟು ಎಂಬುದನ್ನು ತಿಳಿಸತಕ್ಕದ್ದು.

(೨) ವಯಸ್ಸಾದವರನ್ನು ಅವರ ವಯಸ್ಸಿಗೆ ತಕ್ಕಂತೆ ಅಜ್ಜ, ಅಣ್ಣ, ಅಮ್ಮ, ಅಕ್ಕ ಎಂದು ಕರೆಯತಕ್ಕದ್ದು. “ಏಯ್” ಎಂಬುದು ಯಾರ ಹೆಸರೂ ಅಲ್ಲ.

(೩) “ತಿಳಿಯಿತೇ?” ಎಂದು ಕೇಳುವುದಕ್ಕಿಂತ “ಹೇಗೆ ಮಾಡುತ್ತೀರಿ, ತೋರಿಸಿ” ಎಂದು ಕೇಳುವುದು ಮೇಲು. ಮೊದಲನೆಯ ಪ್ರಶ್ನೆಗೆ ಎಲ್ಲರೂ ತಲೆಯಾಡಿಸುವರು.

(೪) ಸಂಜೆ ಹಾಜರಿ ಬರೆಯುವಾಗ, ಇಂದು ಹೊಲದಲ್ಲಿ ಹೊಸದಾಗಿ ಏನು ಕಂಡಿತೆಂದು ಒಬ್ಬೊಬ್ಬರನ್ನೂ ಕೇಳತಕ್ಕದ್ದು. ಹುಳು, ರೋಗ, ಒಡೆದ ಬದು, ಸೋರುವ ಕೊಳವೆ, ಇವುಗಳ ಮೊದಲ ಸುದ್ದಿ ಅಲ್ಲಿಯೇ ಸಿಕ್ಕುವುದು.

(೫) ತಪ್ಪನ್ನು ತಾನಾಗಿ ಹೇಳಿಕೊಂಡವನ ಕೂಲಿಯನ್ನು ಹಿಡಿಯಕೂಡದು. ತಪ್ಪು ಹೇಗಾಯಿತೆಂದು ವಿಚಾರಿಸಿ ಸರಿಪಡಿಸತಕ್ಕದ್ದು.

(೬) ತಿದ್ದುವುದನ್ನು ಒಂಟಿಯಾಗಿ ಕರೆದು ಹೇಳುವುದು, ಮೆಚ್ಚುವುದನ್ನು ನಾಲ್ಕು ಜನರ ಎದುರಿಗೆ ಹೇಳುವುದು ಒಳ್ಳೆಯ ಮೇಸ್ತ್ರಿಯ ಲಕ್ಷಣ.

(೭) ಆಳು ಹೇಳಿದ ಸಲಹೆಯನ್ನು ಅಂಗೀಕರಿಸಿದರೆ ಅದು ಯಾರ ಸಲಹೆಯೆಂದು ಹೇಳತಕ್ಕದ್ದು. ಅಂಗೀಕರಿಸದಿದ್ದರೆ ಏತಕ್ಕೆ ಆಗದೆಂದು ಮರುದಿನವಾದರೂ ತಿಳಿಸತಕ್ಕದ್ದು. ಉತ್ತರವಿಲ್ಲದ ಮಾತು ಮತ್ತೆ ಬರುವುದಿಲ್ಲ.

ಈ ಏಳರಲ್ಲಿ ಯಾವುದಕ್ಕೂ ಸಾಲ ಬೇಡ, ಸಹಾಯಧನ ಬೇಡ, ಯಂತ್ರ ಬೇಡ. ಬೇಕಾದುದು ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಅದಕ್ಕಿಂತಲೂ ಹೆಚ್ಚಾಗಿ ಕೇಳುವ ತಾಳ್ಮೆ. “ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ” ಎಂದು ಹಿರಿಯರು ಹೇಳಿದ್ದಾರೆ. ಮಾತು ಬಲ್ಲವನೆಂದರೆ ಆಡಬಲ್ಲವನು ಮಾತ್ರವಲ್ಲ, ಕೇಳಬಲ್ಲವನೂ ಹೌದು. ಮುಂದಿನ ಮುಂಗಾರಿನಲ್ಲಿ ಕೂರಿಗೆ ಹೂಡಿದಾಗ, ಹಿಂದೆ ನಡೆಯುವ ಹೆಂಗಸು “ಅಣ್ಣಾ, ನಿಲ್ಲಿಸು” ಎಂದರೆ ರೈತನು ಕೂಡಲೆ ಎತ್ತನ್ನು ನಿಲ್ಲಿಸಿ ತಿರುಗಿ ನೋಡಲಿ. ಹಾಗೆ ನಿಲ್ಲಿಸುವವನ ಹೊಲದಲ್ಲಿ ಆಳು ಮಾಡಿದ್ದೂ ಉತ್ತಮವೇ ಆಗುವುದು.